ಆರ್‌ಎಕ್ಸ್ 100 ಸ್ಟ್ರೋಕರ್: ನಾನಾ ಪೇಠೆಯ ಲೇತ್ ಅಂಗಡಿ

ನನ್ನ ಯಮಹಾ ಆರ್‌ಎಕ್ಸ್ 100 ಬೈಕನ್ನು ಸ್ಟ್ರೋಕರ್ ಮಾಡಿಸಬೇಕಿತ್ತು, ಅಂದರೆ ಪಿಸ್ಟನ್ ಓಟ ಹೆಚ್ಚಿಸಿ ಎಂಜಿನ್ ಸಿಸಿ ಏರಿಸುವುದು. ಪುಣೆಯ ನಾನಾ ಪೇಠೆಯಲ್ಲಿ ಪಾರ್ಟ್ಸ್ ಅಂಗಡಿಗಳಿಗೆ ಬರ ಇಲ್ಲ, ಆದರೆ ಕ್ರ್ಯಾಂಕ್ (ಪಿಸ್ಟನ್ ಓಟವನ್ನು ತಿರುಗಾಟವಾಗಿಸುವ ಭಾಗ) ಕೆಲಸ ಗೊತ್ತಿರುವ ಕೈ ಸಿಗುವುದು ಕಷ್ಟ. ನನಗೆ ಸಿಕ್ಕಿದ್ದು ಒಂದು ಪುಟ್ಟ ಲೇತ್ ಅಂಗಡಿ. ಮಾಲೀಕರು ಬೆಳಗಾವಿ ಕಡೆಯವರು, ಕನ್ನಡ ಕೇಳಿದ ಕೂಡಲೇ ಸ್ಟೂಲ್ ಎಳೆದು "ಕೂಡ್ರಿ ಸರ್" ಅಂದರು.

ಆರ್‌ಎಕ್ಸ್ 100ರ ಬೋರ್ (ಸಿಲಿಂಡರ್ ಒಳವ್ಯಾಸ) 50, ಸ್ಟ್ರೋಕ್ (ಪಿಸ್ಟನ್ ಓಟ) 50 ಮಿ.ಮೀ., ಅಂದರೆ 98 ಸಿಸಿ. ಕ್ರ್ಯಾಂಕ್ ಪಿನ್ 2 ಮಿ.ಮೀ. ಹೊರಗೆ ಸರಿಸಿದರೆ, ಮೇಲೆ 2 ಕೆಳಗೆ 2 ಸೇರಿ, ಸ್ಟ್ರೋಕ್ 54 ಆಗುತ್ತದೆ, ಜೊತೆಗೆ 50.5ರ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸುಮಾರು 108 ಸಿಸಿ. ಪಿಸ್ಟನ್ 2 ಮಿ.ಮೀ. ಜಾಸ್ತಿ ಮೇಲೆ ಬರುವುದರಿಂದ ಸಿಲಿಂಡರ್ ಕೆಳಗೆ ಅಷ್ಟೇ ದಪ್ಪದ ಪ್ಲೇಟ್ ಬೇಕು, ಆಗ ಪೋರ್ಟ್ ಟೈಮಿಂಗ್ (ಸಿಲಿಂಡರ್ ಗೋಡೆಯ ಕಿಂಡಿಗಳು ತೆರೆದು ಮುಚ್ಚುವ ಹೊತ್ತು) ಕೂಡ ಬದಲಾಗುತ್ತದೆ, ಅದನ್ನೂ ನೋಡಲೇಬೇಕು.

ಕಾರ್ಬುರೇಟರ್ ಹಳೆಯದೇ ಇಟ್ಟೆ, ಪೆಟ್ರೋಲ್ ಅಳತೆ ನಿಯಂತ್ರಿಸುವ ಜೆಟ್ ಮಾತ್ರ ಬದಲಿಸಿದೆ. ದುಡ್ಡು ಹಾಕಿದ್ದು ಕನೆಕ್ಟಿಂಗ್ ರಾಡ್ ಕಿಟ್, ಮೇನ್ ಬೇರಿಂಗ್, ಆಯಿಲ್ ಸೀಲ್‌ಗೆ. ಇವುಗಳಲ್ಲಿ ಅಗ್ಗದ ಮಾಲು ತಗೋಬೇಡಿ. ಹೋದ ವರ್ಷ ಬೇರೆ ಕಡೆ ಅಂಥ ಕಿಟ್ ಹಾಕಿಸಿ, ಬಿಗ್ ಎಂಡ್ (ರಾಡ್‌ನ ಕ್ರ್ಯಾಂಕ್ ಕಡೆಯ ಬೇರಿಂಗ್) ಹೋಗಿ, ಸಾತಾರಾ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಗಾಡಿ ತಳ್ಳಿದ್ದೇನೆ.

ಈ ಲೇತ್ ಅಂಗಡಿಯವರು ಕ್ರ್ಯಾಂಕನ್ನು ವಿ-ಬ್ಲಾಕ್ ಮೇಲಿಟ್ಟು, ತಿರುಗಿಸಿ, ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಓಲಾಟ ಅಳೆಯುವ ಡಯಲ್ ಗೇಜ್ ಮುಳ್ಳು 0.02 ಮಿ.ಮೀ. ದಾಟದಂತೆ ತಂದರು. ಆಮೇಲೆ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸಂದು ನೋಡಲು ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಇಳಿಸಿ ಕಿಕ್ಕರ್ ಮೆಲ್ಲಗೆ ಒತ್ತಿದರು, ಚಪ್ಪಟೆಯಾದ ತುದಿಯನ್ನು ಅಳೆದು ನನ್ನ ಕೈಗೇ ಕೊಟ್ಟರು. ಇಷ್ಟು ತಾಳ್ಮೆ ನಾನು ಎಲ್ಲೂ ನೋಡಿಲ್ಲ.

ಕೊರತೆ ಅಂದರೆ, 4 ದಿನ ಅಂದದ್ದು 11 ದಿನ ಆಯಿತು, ಫೋನ್ ಎತ್ತುವುದಿಲ್ಲ. ಆದರೂ ಕ್ರ್ಯಾಂಕ್ ಕೆಲಸಕ್ಕೆ ಮತ್ತೆ ಇಲ್ಲಿಗೇ ಹೋಗುತ್ತೇನೆ. ಈಗ ಕಾತ್ರಜ್ ಘಾಟ್‌ನಲ್ಲಿ ಹಿಂದೆ ತಮ್ಮನನ್ನು ಕೂರಿಸಿಕೊಂಡರೂ ಮೂರನೇ ಗೇರ್‌ನಲ್ಲೇ ಹತ್ತುತ್ತದೆ.