ಗಿಸಾಲ್ಲೊ–ಸೊರ್ಮಾನೊ ಸುತ್ತು: ಎಲ್ಲಿಂದ ಹೊರಡಬೇಕು, ಯಾವ ಕಡೆ ತಿರುಗಬೇಕು?

ಇಟಲಿಯ ಕೋಮೊ ಸರೋವರದ ಎರಡು ಕವಲುಗಳ ನಡುವೆ ಒಂದು ಬೆಟ್ಟದ ತ್ರಿಕೋನ ಇದೆ. ಅದರ ತುದಿಯಲ್ಲಿ ಬೆಲ್ಲಾಜೊ, ಮೇಲೆ ಗಿಸಾಲ್ಲೊ ಮತ್ತು ಸೊರ್ಮಾನೊ, ಪಶ್ಚಿಮದ ದಡದಲ್ಲಿ ನೆಸ್ಸೊ. ಇಷ್ಟನ್ನೂ ಸೇರಿಸಿ ಸೈಕಲ್‌ನಲ್ಲಿ ಒಂದು ಸುತ್ತು ಹಾಕಿದರೆ ಸುಮಾರು 55 ಕಿ.ಮೀ., 1500 ಮೀಟರ್ ಆಸುಪಾಸಿನ ಏರು. ಕಾಗದದ ಮೇಲೆ ಚಿಕ್ಕದು ಅನ್ನಿಸುತ್ತೆ, ಅಲ್ವಾ? ಕಾಲಿಗೆ ಹಾಗೆ ಅನ್ನಿಸುವುದಿಲ್ಲ.

ಇದನ್ನು ಮೂರು ರೀತಿ ಓಡಿಸಿ ನೋಡಿದ್ದೇನೆ. ಬೆಲ್ಲಾಜೊದಿಂದ ಹೊರಟು ಮೊದಲು ಗಿಸಾಲ್ಲೊ ಹತ್ತುವುದು ಒಂದು. ಅದೇ ದಾರಿಯನ್ನು ಉಲ್ಟಾ ಮಾಡಿ ಮೊದಲು ಸರೋವರದ ದಡ, ಆಮೇಲೆ ನೆಸ್ಸೊದಿಂದ ಮೇಲೆ ಹೋಗುವುದು ಇನ್ನೊಂದು. ಬೆಟ್ಟದ ಹಿಂದಿರುವ ಆಸ್ಸೊ ಊರಿಂದ ಹೊರಟು ಸೊರ್ಮಾನೊ ಮೊದಲು, ಗಿಸಾಲ್ಲೊ ಕೊನೆಗೆ ಇಟ್ಟುಕೊಳ್ಳುವುದು ಮೂರನೆಯದು. ರಸ್ತೆ ಒಂದೇ, ಊರುಗಳೂ ಅವೇ. ಆದರೂ ಮೂರೂ ಬೇರೆ ಬೇರೆ ಸವಾರಿಗಳೇ. ಜನ ಸಾಮಾನ್ಯವಾಗಿ 'ಮುರೊ ಹತ್ತಬೇಕಾ ಬೇಡವಾ' ಅಂತಲೇ ತಲೆ ಕೆಡಿಸಿಕೊಳ್ಳುತ್ತಾರೆ. ಮುರೊ ಅಂದರೆ ಸೊರ್ಮಾನೊ ಮೇಲಕ್ಕೆ ನೇರವಾಗಿ ಹತ್ತುವ, ಗೋಡೆಯಷ್ಟು ಕಡಿದಾದ ಅಡ್ಡದಾರಿ. ಅದು ಎರಡು ಕಿಲೋಮೀಟರ್ ಕೂಡ ಇಲ್ಲ. ನಿಮ್ಮ ದಿನ ಚೆನ್ನಾಗಿರುತ್ತಾ ಇಲ್ಲವಾ ಅನ್ನೋದನ್ನು ತೀರ್ಮಾನ ಮಾಡೋದು ಹೊರಡುವ ಜಾಗ ಮತ್ತು ದಿಕ್ಕು.

ಬೆಲ್ಲಾಜೊದಿಂದ ಹೊರಡುವ ದಾರಿಯೇ ಎಲ್ಲರೂ ಮಾಡುವುದು. ಅದಕ್ಕೆ ಕಾರಣವೂ ಇದೆ. ಗಿಸಾಲ್ಲೊ ಏರು ಅಂದರೆ ಈ ಕಡೆಯದೇ. ಇಲ್ ಲೊಂಬಾರ್ದಿಯಾ ಅನ್ನೋ ಸೈಕಲ್ ರೇಸ್ 1905ರಲ್ಲಿ ಶುರುವಾಯಿತು, 1919ರಲ್ಲಿ ಮೊದಲ ಸಲ ಗಿಸಾಲ್ಲೊ ಹತ್ತಿತು. ಆ ಹೆಸರಿನ ಮೋಹಕ್ಕೆ ಜನ ಬೆಲ್ಲಾಜೊಗೆ ಬರುತ್ತಾರೆ. ತೊಂದರೆ ಏನಂದರೆ ಏರು ಊರು ಬಿಡುತ್ತಿದ್ದ ಹಾಗೇ ಶುರು. ಮೈ ಬಿಸಿಯಾಗಲು ಜಾಗವೇ ಇಲ್ಲ. ಗ್ವೆಲ್ಲೊ ಹಳ್ಳಿ ದಾಟುವವರೆಗೆ ಒಂಬತ್ತು ಶೇಕಡದ ಆಸುಪಾಸಿನ ಏರು (ನೂರು ಮೀಟರ್ ಹೋದರೆ ಒಂಬತ್ತು ಮೀಟರ್ ಮೇಲೆ), ಅಲ್ಲಲ್ಲಿ ಹದಿನಾಲ್ಕು. ತಣ್ಣಗಿರುವ ತೊಡೆಗಳನ್ನು ಇಷ್ಟು ಬೇಗ ದುಡಿಸಿದರೆ ಅದರ ಬಾಕಿ ಮಧ್ಯಾಹ್ನ ಸೊರ್ಮಾನೊದಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತೆ. ಚಿವೆನ್ನಾ ಹತ್ತಿರ ರಸ್ತೆ ಸ್ವಲ್ಪ ಸಮ ಆಗಿ, ಉಸಿರು ಹಿಡಿಯಲು ಬಿಟ್ಟು, ಕೊನೆಯಲ್ಲಿ ಮತ್ತೆ ಕಡಿದಾಗುತ್ತೆ. ಆಮೇಲೆ ಮಾಗ್ರೆಲ್ಯೊ ಕಡೆಯಿಂದ ಆಸ್ಸೊವರೆಗೆ ನಿಧಾನದ ಇಳಿತ. ಅಲ್ಲಿ ಕಾಲು ಮತ್ತೆ ತಣ್ಣಗಾಗುತ್ತೆ, ತಕ್ಷಣ ದಿನದ ದೊಡ್ಡ ಏರು ಶುರು.

ಉಲ್ಟಾ ದಾರಿಯನ್ನು ತುಂಬಾ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ಅನ್ಯಾಯ. ಬೆಳಿಗ್ಗೆ ಬೇಗ ಬೆಲ್ಲಾಜೊ ಬಿಟ್ಟು ಲೆಝೆನೊ ಮೇಲೆ ನೆಸ್ಸೊ ಕಡೆ ಹೋದರೆ ಸರೋವರ ನಿಮ್ಮ ಬಲಕ್ಕಿರುತ್ತೆ. ಇಟಲಿಯಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ಹಾಗಾಗಿ ಸೈಕಲ್ ನೀರಿನ ಪಕ್ಕದಲ್ಲೇ ಸಾಗುತ್ತೆ. ಬೇರೆ ಎರಡು ದಾರಿಗಳಲ್ಲಿ ಇದೇ ರಸ್ತೆಯಲ್ಲಿ ಎದುರಿನಿಂದ ಬರುವಾಗ ನೀವು ಬಂಡೆಗೋಡೆಯ ಪಕ್ಕ, ಸರೋವರ ಕಾರುಗಳ ಆಚೆ. ರಸ್ತೆ ಕಿರಿದು, ಬಸ್ಸು ಓಡಾಡುತ್ತೆ, ಮಧ್ಯಾಹ್ನ ಪ್ರವಾಸಿಗರ ಕಾರುಗಳೂ ಸೇರುತ್ತವೆ. ಬೆಳಿಗ್ಗೆ ಇದ್ಯಾವುದೂ ಇಲ್ಲ. ಪೂರ್ವಕ್ಕೆ ಬೆಟ್ಟ ಅಡ್ಡ ಇರುವುದರಿಂದ ಈ ದಡಕ್ಕೆ ಬಿಸಿಲು ತಡವಾಗಿ ಬರುತ್ತೆ, ತಂಪಿನಲ್ಲೇ ಮೈ ಬಿಸಿ ಮಾಡಿಕೊಂಡು ನೆಸ್ಸೊ ಸೇರಬಹುದು. ಅಲ್ಲಿ ಊರ ನಡುವೆಯೇ ಬಂಡೆ ಸೀಳಿಕೊಂಡು ಒಂದು ಜಲಪಾತ ಬೀಳುತ್ತೆ, ಕೆಳಗೆ ಹಳೇ ಕಲ್ಲಿನ ಸೇತುವೆ. ನಿಂತು ನೋಡಿ, ಸುಮ್ನೆ ದಾಟಿ ಹೋಗಬೇಡಿ.

ನೆಸ್ಸೊದಿಂದ ಜೆಲ್ಬಿಯೊ ಮೇಲೆ ಪಿಯಾನ್ ದೆಲ್ ತಿವಾನೊವರೆಗೆ ಉದ್ದನೆಯ ಏರು. ಲಯ ಹಿಡಿದು ಕೂತು ಹತ್ತುವವರಿಗೆ ಈ ಮೂರರಲ್ಲಿ ಇದೇ ಒಳ್ಳೆಯ ಏರು ಅಂತ ನನಗನ್ನಿಸುತ್ತೆ. ತಿರುವಿನ ಮೇಲೆ ತಿರುವು, ಪ್ರತಿ ಸಲ ಸರೋವರ ಇನ್ನಷ್ಟು ಕೆಳಗೆ ಹೋಗಿರುತ್ತೆ. ತಿವಾನೊ ಸಮತಟ್ಟು ಹುಲ್ಲುಗಾವಲು, ಅದನ್ನು ದಾಟಿ ಸ್ವಲ್ಪ ಹತ್ತಿದರೆ 1124 ಮೀಟರ್ ಎತ್ತರದ ಕೊಲ್ಮಾ ದಿ ಸೊರ್ಮಾನೊ. ಆದರೆ ಈ ದಿಕ್ಕಿನಲ್ಲಿ ಮುರೊ ಸಿಗುವುದಿಲ್ಲ. ಅದನ್ನು ಇಳಿಯುವ ಯೋಚನೆಯನ್ನೂ ಮಾಡಬೇಡಿ. ಗಿಸಾಲ್ಲೊ ಕೂಡ ಆಸ್ಸೊ ಕಡೆಯಿಂದ ಸಪ್ಪೆ. ಕೊನೆಗೆ ಬೆಲ್ಲಾಜೊಗೆ ಇಳಿಯುವಾಗ ಆ ಕಡಿದಾದ ಭಾಗ ಪೂರ್ತಿ ಬ್ರೇಕ್ ಮೇಲೇ ಹೋಗುತ್ತೆ. ಚಕ್ರದ ಅಂಚನ್ನೇ (ರಿಮ್) ಒತ್ತುವ ರಿಮ್ ಬ್ರೇಕ್ ಇದ್ದರೆ ಒಂದೇ ಸಮನೆ ಒತ್ತಿ ಹಿಡಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟು ರಿಮ್ ತಣಿಯಲು ಬಿಡಿ.

ಈಗ ಆಸ್ಸೊ. ನನ್ನ ಓಟು ಇದಕ್ಕೇ. ಮಿಲಾನಿನ ಕದೋರ್ನಾ ನಿಲ್ದಾಣದಿಂದ ಬರುವ ರೈಲಿನ ಕೊನೆಯ ನಿಲ್ದಾಣ ಕಾಂಜೊ-ಆಸ್ಸೊ. ಇಳಿದು ಮೊದಲು ಕಾಂಜೊ ಪಕ್ಕದ ಸೆಗ್ರಿನೊ ಅನ್ನೋ ಪುಟ್ಟ ಸರೋವರದ ಕಡೆ ಹೋಗಿ ಬಂದರೆ ಕಾಲು ಬಿಸಿ ಆಗುತ್ತೆ, ದೊಡ್ಡ ಸರೋವರದ ಗದ್ದಲ ಇಲ್ಲದ ನೀರೂ ನೋಡಿದ ಹಾಗಾಗುತ್ತೆ. ಆಮೇಲೆ ಆಸ್ಸೊದಿಂದ ಸೊರ್ಮಾನೊ ಹಳ್ಳಿಗೆ ಹದವಾದ ಏರು. ಹಳ್ಳಿ ದಾಟಿದ ಮೇಲೆ ದಾರಿ ಎರಡಾಗುತ್ತೆ. ಮುಖ್ಯರಸ್ತೆ ಬಳಸಿಕೊಂಡು ಮೇಲೆ ಹೋಗುತ್ತೆ, ಮುರೊ ನೇರ ಕಾಡಿನೊಳಗೆ ನುಗ್ಗುತ್ತೆ.

ಮುರೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸುಮಾರು 1.9 ಕಿ.ಮೀ., ಸರಾಸರಿ 15 ಶೇಕಡಕ್ಕಿಂತ ಮೇಲೆ, ಕಡಿದಾದ ಕಡೆ 25 ದಾಟುತ್ತೆ. 1960ರಿಂದ 62ರವರೆಗೆ ಲೊಂಬಾರ್ದಿಯಾ ರೇಸ್ ಇಲ್ಲಿ ಹಾದುಹೋಯಿತು. ಎಷ್ಟೋ ರೇಸರ್‌ಗಳು ಇಳಿದು ನಡೆದರು, ಕೆಲವರನ್ನು ಜನ ಹಿಂದಿನಿಂದ ತಳ್ಳಿದರು, ಆಮೇಲೆ ರೇಸಿನವರು ಇದನ್ನು ಕೈಬಿಟ್ಟರು. ಮತ್ತೆ ರೇಸ್ ಬಂದದ್ದು 2012ರಲ್ಲಿ. ಡಾಂಬರಿನ ಮೇಲೆ ಎತ್ತರವನ್ನು ಮೀಟರ್ ಮೀಟರ್‌ಗೂ ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಮುಂದಿನ ಚಕ್ರ ಒಂದು ಅಂಕೆ ದಾಟಿ ಮುಂದಿನ ಅಂಕೆಗೆ ಹೋಗುವಷ್ಟರಲ್ಲಿ ಕಾಲು ಎರಡು ಸುತ್ತು ಮುಗಿಸಿರುತ್ತೆ. ಕಣ್ಣು ಅಲ್ಲಿಂದ ಕೀಳಲು ಆಗುವುದಿಲ್ಲ, ಯಾಕಂದರೆ ತಲೆ ಎತ್ತಿದರೆ ಕಾಣುವುದು ಮುಂದಿನ ತಿರುವಿನ ಗೋಡೆ.

ಇದಕ್ಕೆ ಗೇರ್ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂತಿಟ್ಟುಕೊಳ್ಳಿ, ಏರು 20 ಶೇಕಡ. ಮುಂದೆ 34, ಹಿಂದೆ 34 ಹಲ್ಲು ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ವೇಗ, ಅದಕ್ಕೆ 320 ವಾಟ್‌ಗಿಂತ ಮೇಲೆ ಬೇಕು. ಹಿಂದೆ 28 ಹಲ್ಲು ಇದ್ದರೆ ಅದೇ ಲಯಕ್ಕೆ 390 ದಾಟುತ್ತೆ. ಅಷ್ಟು ಹೊರಡಿಸಲು ಆಗದಿದ್ದಾಗ ಲಯ ಬೀಳುತ್ತೆ, ಮಂಡಿ ನೋಯುತ್ತೆ, ಕೊನೆಗೆ ಸೈಕಲ್ ನಿಂತೇಬಿಡುತ್ತೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಒದ್ದೆ ಎಲೆಗಳ ಮೇಲೆ ಜಾರುತ್ತೆ, ಕೂತರೆ ಮುಂದಿನ ಚಕ್ರ ಏಳುತ್ತೆ. ಸೀಟಿನ ಮೂತಿಗೆ ಜರುಗಿ, ಎದೆ ಹ್ಯಾಂಡಲ್ ಕಡೆ ಬಗ್ಗಿಸಿ ಕೂರಬೇಕು. ಇಂಥ ಕೆಲಸಕ್ಕೆ ಹೊಸ ಕಾಲು ಬೇಕು. ಆಸ್ಸೊದಿಂದ ಹೊರಟವರಿಗೆ ಅದು ಇರುತ್ತೆ, ಬೆಲ್ಲಾಜೊದಿಂದ ಗಿಸಾಲ್ಲೊ ಹತ್ತಿ ಬಂದವರಿಗೆ ಇರುವುದಿಲ್ಲ. ಅಷ್ಟು ಹಗುರದ ಗೇರ್ ಇಲ್ಲದಿದ್ದರೆ ಮುಖ್ಯರಸ್ತೆಯಲ್ಲೇ ಹೋಗಿ. ಅದೂ ಸಣ್ಣ ಏರೇನಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಗೆ ಗಿಸಾಲ್ಲೊ ಬರುವುದೇ ಈ ದಾರಿಯ ನಿಜವಾದ ಲಾಭ. ಕಾಲು ಸೋತಿರುತ್ತೆ, ಸರಿ. ಆದರೆ ಮೈ ಬಿಸಿ ಇರುತ್ತೆ, ಲಯ ಗೊತ್ತಾಗಿರುತ್ತೆ, ಇದೇ ಕೊನೇ ಏರು ಅನ್ನೋ ಧೈರ್ಯ ಇರುತ್ತೆ. ಎಡಕ್ಕೆ ತಿರುಗಿ ನೋಡಿದರೆ ಆಚೆ ದಡದ ಗ್ರಿನ್ಯಾ ಬೆಟ್ಟದ ಮೇಲೆ ಮಧ್ಯಾಹ್ನದ ಬಿಸಿಲು. 754 ಮೀಟರ್ ಎತ್ತರದಲ್ಲಿ ಮಡೊನ್ನಾ ದೆಲ್ ಗಿಸಾಲ್ಲೊ ಗುಡಿ. 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಅಂತ ಸಾರಿದರು. ಒಳಗೆ ಗೋಡೆ ತುಂಬಾ ರೇಸರ್‌ಗಳ ಸೈಕಲ್, ಜರ್ಸಿ. 1995ರ ಟೂರ್ ದ ಫ್ರಾನ್ಸ್‌ನಲ್ಲಿ ಇಳಿತದಲ್ಲಿ ಬಿದ್ದು ತೀರಿಕೊಂಡ ಕೋಮೊದ ಹುಡುಗ ಫಾಬಿಯೊ ಕಸಾರ್ತೆಲ್ಲಿಯ ಸೈಕಲ್ ಕೂಡ ಅಲ್ಲಿದೆ. ಬೆಲ್ಲಾಜೊದಿಂದ ಹೊರಟವರು ಇಲ್ಲಿ ಗಡಿಯಾರ ನೋಡಿಕೊಂಡು ಓಡುತ್ತಾರೆ, ಇನ್ನೂ ಸೊರ್ಮಾನೊ ಬಾಕಿ ಇರುತ್ತಲ್ಲ. ಕೊನೆಗೆ ಬಂದವರು ಎಷ್ಟು ಹೊತ್ತಾದರೂ ನಿಲ್ಲಬಹುದು, ಪಕ್ಕದ ಮ್ಯೂಸಿಯಂ ನೋಡಬಹುದು. ಅಲ್ಲಿಂದ ಆಸ್ಸೊಗೆ ಬರೀ ಇಳಿತ, ರೈಲು ಕಾದಿರುತ್ತೆ.

ಇದರಲ್ಲಿ ನನಗೆ ಹಿಡಿಸದ ಒಂದು ತುಂಡು ತಿವಾನೊದಿಂದ ನೆಸ್ಸೊಗೆ ಇಳಿಯುವ ರಸ್ತೆ. ಬೆಲ್ಲಾಜೊದಿಂದ ಹೊರಟರೂ ಇದೇ ಇಳಿತ. ಕಿರಿದು, ಮರದ ನೆರಳು, ತಿರುವುಗಳು ಕಣ್ಣಿಗೆ ಬೀಳುವುದು ತಡ. 2020ರ ಆಗಸ್ಟ್‌ನಲ್ಲಿ ಲೊಂಬಾರ್ದಿಯಾ ರೇಸಿನಲ್ಲಿ ರೆಮ್ಕೊ ಎವನೆಪೂಲ್ ಸೊರ್ಮಾನೊದಿಂದ ಇಳಿಯುವಾಗ ಸೇತುವೆಯ ಗೋಡೆಗೆ ಬಡಿದು ಕೆಳಗಿನ ಕಂದಕಕ್ಕೆ ಬಿದ್ದರು, ಸೊಂಟದ ಮೂಳೆ ಮುರಿಯಿತು. ಅಷ್ಟು ಪಳಗಿದವರಿಗೇ ಹೀಗಾದ ಮೇಲೆ ನಾವು ಅಲ್ಲಿ ವೇಗ ತೋರಿಸಬೇಕಾಗಿಲ್ಲ. ಹಿಂದಿನ ದೀಪ ಹಗಲಲ್ಲೂ ಹಾಕಿಡಿ, ಗಾಳಿ ತಡೆಯುವ ಜಾಕೆಟ್ ತಿವಾನೊದಲ್ಲೇ ಹಾಕಿಕೊಳ್ಳಿ. ಕೈ ಮರಗಟ್ಟಿದರೆ ಬ್ರೇಕ್ ಹಿಡಿತವೇ ತಪ್ಪುತ್ತೆ.

ಹಿಂದಿನ ರಾತ್ರಿ ಮಳೆ ಬಂದು ರಸ್ತೆ ಒದ್ದೆ ಇದ್ದರೆ ಮಾತ್ರ ನಾನು ಆಸ್ಸೊ ಬಿಟ್ಟು ಉಲ್ಟಾ ದಾರಿ ಹಿಡಿಯುತ್ತೇನೆ. ಆಗ ಆ ರಸ್ತೆಯನ್ನು ಇಳಿಯುವ ಬದಲು ಹತ್ತಬಹುದು. ಸೊರ್ಮಾನೊದಿಂದ ಆಸ್ಸೊಗೆ ಮುಖ್ಯರಸ್ತೆಯ ಅಗಲವಾದ ಇಳಿತ ಸಿಗುತ್ತೆ. ಗಿಸಾಲ್ಲೊ ತಲುಪುವ ಹೊತ್ತಿಗೆ ಬೆಲ್ಲಾಜೊ ಕಡೆಯ ರಸ್ತೆಯೂ ಸಾಮಾನ್ಯವಾಗಿ ಒಣಗಿರುತ್ತೆ.