ನಾಲ್ಕು ಕಾದಂಬರಿ, ಒಂದು ತರಗತಿ: ಯಾವುದು ಯಾರ ಕೈಗೆ?

14-15 ವಯಸ್ಸಿನ ಮಕ್ಕಳಿಗೆ ಯಾವ ಕಾದಂಬರಿ ಕೊಡಬೇಕು ಅಂತ ಕೇಳಿದವರಿಗೆ ಮೊದಲೆಲ್ಲ ನನಗೆ ಇಷ್ಟವಾದದ್ದನ್ನೇ ಹೇಳಿಬಿಡುತ್ತಿದ್ದೆ. ಈ ವರ್ಷ ಹಾಗೆ ಮಾಡಲಿಲ್ಲ. ನಾಲ್ಕು ಕಾದಂಬರಿ ಆರಿಸಿಕೊಂಡು, ದಿನಕ್ಕೊಂದರಂತೆ ಮೊದಲ ಹತ್ತು ಪುಟ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ಮೇಜಿನ ಮೇಲಿಟ್ಟು, ‘ಬೇಕಾದವರು ತಗೊಂಡು ಹೋಗಿ’ ಅಂದೆ. ಯಾವುದು ಪೂರ್ತಿ ಓದಿಸಿಕೊಂಡು ವಾಪಸ್ ಬಂತು, ಯಾವುದು ಅರ್ಧಕ್ಕೇ ಬಂತು ಅಂತ ಗಮನಿಸುತ್ತಾ ಹೋದೆ.

ಮೇಜಿನಿಂದ ಮೊದಲು ಹೋಗಿದ್ದು ಜೇಸನ್ ರೆನಾಲ್ಡ್ಸ್ ಬರೆದ ‘ಲಾಂಗ್ ವೇ ಡೌನ್’ (2017). 15 ವರ್ಷದ ವಿಲ್‌ನ ಅಣ್ಣನನ್ನು ಗುಂಡಿಟ್ಟು ಕೊಂದಿದ್ದಾರೆ. ಅವರ ಬೀದಿಯಲ್ಲಿ ಮೂರು ನಿಯಮ: ಅಳಬಾರದು, ಯಾರ ಹೆಸರನ್ನೂ ಬಾಯಿಬಿಡಬಾರದು, ಸೇಡು ತೀರಿಸಿಕೊಳ್ಳಲೇಬೇಕು. ಪಿಸ್ತೂಲು ಸಿಕ್ಕಿಸಿಕೊಂಡು ಅವನು ಲಿಫ್ಟ್ ಹತ್ತುತ್ತಾನೆ. ಕೆಳಗಿಳಿಯಲು ಒಂದೇ ನಿಮಿಷ ಸಾಕು. ಆದರೆ ಲಿಫ್ಟ್ ಮಹಡಿ ಮಹಡಿಗೂ ನಿಲ್ಲುತ್ತದೆ, ಸತ್ತುಹೋದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಇಡೀ ಕಥೆ ಕವಿತೆಯ ಸಾಲುಗಳಲ್ಲಿದೆ. ಪುಟಕ್ಕೆ ಸ್ವಲ್ಪವೇ ಮಾತು, ಉಳಿದದ್ದೆಲ್ಲ ಬಿಳಿ ಜಾಗ.

ಆ ಬಿಳಿ ಜಾಗದ ಬೆಲೆ ನನಗೆ ಗೊತ್ತಾಗಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗನಿಂದ. ಪುಸ್ತಕ ಅಂದರೆ ಮಾರು ದೂರ ಓಡುವವನು. ಬೆಲ್ ಹೊಡೆದು ಎಲ್ಲರೂ ಹೊರಗೆ ಹೋದರೂ ಇವನು ಕೂತೇ ಇದ್ದ. ಬ್ಯಾಗ್ ಹೆಗಲಿಗೇರಿದೆ, ಒಂದು ಕಾಲು ಬೆಂಚಿನ ಆಚೆ ಇದೆ, ಬೆರಳು ಮಾತ್ರ ಸಾಲಿನ ಮೇಲೇ ಇದೆ. ‘ಮಿಸ್, ನಾನು ಆಗಲೇ ಅರವತ್ತು ಪುಟ ಓದಿಬಿಟ್ಟೆ’ ಅಂದ. ಆ ಸಂಖ್ಯೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ಪುಟ ಬೇಗ ಬೇಗ ತಿರುಗುವುದೇ ಇಂಥ ಮಕ್ಕಳಿಗೆ ದೊಡ್ಡ ಧೈರ್ಯ.

ಇದರ ಪಕ್ಕಕ್ಕೆ ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಇಡುತ್ತೇನೆ. 1967ರ ಪುಸ್ತಕ. ಬರೆಯಲು ಶುರು ಮಾಡಿದಾಗ ಹಿಂಟನ್‌ಗೆ 15 ವರ್ಷ, ಅಚ್ಚಾದಾಗ 18. ಇದನ್ನು ಹೇಳಿದ ಕೂಡಲೇ ತರಗತಿ ನೆಟ್ಟಗೆ ಕೂತಿತು! ಎರಡರಲ್ಲೂ ಅಣ್ಣ ತಮ್ಮಂದಿರು, ಎರಡರಲ್ಲೂ ಬೀದಿ ಜಗಳ. ಆದರೆ ‘ಲಾಂಗ್ ವೇ ಡೌನ್’ ಉಸಿರು ಬಿಗಿಹಿಡಿಸುತ್ತದೆ, ‘ದಿ ಔಟ್‌ಸೈಡರ್ಸ್’ ಗೆಳೆಯರನ್ನು ಕೊಡುತ್ತದೆ. ಅಪ್ಪ ಅಮ್ಮ ಇಲ್ಲದ ಮೂವರು ಅಣ್ಣ ತಮ್ಮಂದಿರ ಮನೆಯಲ್ಲಿ ನಾವೂ ಒಬ್ಬರಾಗುತ್ತೇವೆ. ಕೆಲವು ಮಾತುಗಳು ಹಳೆಯದಾಗಿವೆ, ನಿಜ. ಆದರೂ ತೆಗೆದುಕೊಂಡವರಲ್ಲಿ ಹೆಚ್ಚಿನವರು ಮುಗಿಸಿದರು.

ಇಡೀ ತರಗತಿಗೆ ಒಂದೇ ಪುಸ್ತಕ ಅಂದರೆ ನಾನು ಎರಡು ಸಲ ಯೋಚಿಸುವುದಿಲ್ಲ. ಲೋಯಿಸ್ ಲೌರಿ ಅವರ ‘ದಿ ಗಿವರ್’ (1993). ಮರುವರ್ಷ ನ್ಯೂಬೆರಿ ಪದಕ (ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ದೊಡ್ಡ ಪ್ರಶಸ್ತಿ) ಪಡೆದ ಕಾದಂಬರಿ. ಜೋನಸ್‌ನ ಊರಿನಲ್ಲಿ ನೋವಿಲ್ಲ, ಜಗಳವಿಲ್ಲ. 12ನೇ ವರ್ಷಕ್ಕೆ ಯಾರು ಯಾವ ಕೆಲಸ ಮಾಡಬೇಕು ಅಂತ ಹಿರಿಯರೇ ಗೊತ್ತುಮಾಡುತ್ತಾರೆ. ಜೋನಸ್ ಗೆಳೆಯನ ಜೊತೆ ಸೇಬು ಎಸೆದಾಡುತ್ತಿರುವಾಗ ಅದು ಗಾಳಿಯಲ್ಲಿ ಒಂದು ಕ್ಷಣ ಬದಲಾದಂತೆ ಕಾಣುತ್ತದೆ. ಆಕಾರ ಅದೇ, ಗಾತ್ರ ಅದೇ. ಹಾಗಾದರೆ ಬದಲಾಗಿದ್ದೇನು? ಅಲ್ಲಿಗೆ ಪುಸ್ತಕ ಮುಚ್ಚಿ ಮಕ್ಕಳನ್ನೇ ಕೇಳಿದೆ. ಹೊಳಪು ಅಂದರು, ವಾಸನೆ ಅಂದರು. ಉತ್ತರ ಹೇಳಲಿಲ್ಲ. ಆ ಊರಿನವರ ಕಣ್ಣಿಗೆ ಬಣ್ಣವೇ ಇಲ್ಲ ಅನ್ನುವುದು ಓದುತ್ತಾ ಗೊತ್ತಾದಾಗ ಒಬ್ಬಳು ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದಳು, ಎಲ್ಲಾದರೂ ಬಣ್ಣದ ಹೆಸರು ಬಂದಿತ್ತಾ ಅಂತ. ಹೀಗೆ ಹಿಂದಕ್ಕೆ ಹೋಗಿ ಓದಿಸುವ ಪುಸ್ತಕ ಉಳಿದ ಮೂರರಲ್ಲಿ ಯಾವುದೂ ಇಲ್ಲ. ಕೊನೆ ಮಾತ್ರ ಸ್ಪಷ್ಟವಿಲ್ಲ. ಅದಕ್ಕೆ ಕೆಲವರಿಗೆ ಸಿಟ್ಟು ಬಂತು, ಎರಡು ಪೀರಿಯಡ್ ವಾದ ನಡೆಯಿತು. ನನಗೆ ಬೇಕಾಗಿದ್ದೂ ಅದೇ.

ನಾಲ್ಕನೆಯದು ನನ್ನ ಜೀವದ ಪುಸ್ತಕ, ಮಾರ್ಕಸ್ ಜುಸಾಕ್ ಅವರ ‘ದಿ ಬುಕ್ ಥೀಫ್’ (2005). ನಾಜಿ ಜರ್ಮನಿಯ ಕಥೆ, ಹೇಳುವುದು ಸಾವು. ಓದಲು ಬಾರದ ಲೀಸೆಲ್‌ಗೆ ಸಾಕುತಂದೆ ರಾತ್ರಿ ಎದ್ದು ಅಕ್ಷರ ಕಲಿಸುತ್ತಾನೆ. ಆಮೇಲೆ ನೆಲಮಾಳಿಗೆಯ ಗೋಡೆ ಮೇಲೆ ಬಣ್ಣದಲ್ಲಿ ಪದಗಳನ್ನು ಬರೆಯುತ್ತಾರೆ. ಆದರೆ 500 ಪುಟ ದಾಟುವ ಗಾತ್ರ. ಯಾರು ಸಾಯುತ್ತಾರೆ ಅಂತ ಸಾವು ಮೊದಲೇ ಹೇಳಿಬಿಡುತ್ತದೆ. ಮಕ್ಕಳು ಅಲ್ಲೇ ಸೋತರು. ಹೆಚ್ಚಿನ ಪ್ರತಿಗಳು ಅರ್ಧಕ್ಕೇ ವಾಪಸ್ ಬಂದವು. ಪೂರ್ತಿ ಓದಿದವಳು ಒಬ್ಬಳೇ. ಮೂರು ವಾರ ತಗೊಂಡಳು, ಹಿಂದಿರುಗಿಸುವಾಗ ‘ಇನ್ನೂ ಎರಡು ದಿನ ಇಟ್ಟುಕೊಳ್ಳಲಾ ಮಿಸ್?’ ಅಂದಳು. ಇನ್ನು ಮುಂದೆ ಇದನ್ನು ಮೇಜಿನ ಮೇಲೆ ಸುಮ್ನೆ ಇಡುವುದಿಲ್ಲ. ಓದಿನ ರುಚಿ ಹತ್ತಿದವರನ್ನು ಕರೆದು ಕೈಗೇ ಕೊಡುತ್ತೇನೆ.

ಅಂದಹಾಗೆ, ಆ ಹಿಂದಿನ ಬೆಂಚಿನ ಹುಡುಗ ‘ಲಾಂಗ್ ವೇ ಡೌನ್’ ಅನ್ನು ಎರಡು ದಿನಕ್ಕೆ ಮುಗಿಸಿದ. ‘ಇಂಥದ್ದೇ ಇನ್ನೊಂದು ಇದೆಯಾ?’ ಅಂತ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. ‘ದಿ ಔಟ್‌ಸೈಡರ್ಸ್’ ಕೊಟ್ಟೆ. ಒಳಗೆ ತೆರೆದು ನೋಡಿ, ‘ಇದರಲ್ಲಿ ಸಾಲು ಜಾಸ್ತಿ ಇವೆ’ ಅಂದ. ಆದರೂ ವಾಪಸ್ ಕೊಡಲಿಲ್ಲ, ಬ್ಯಾಗಿಗೆ ಹಾಕಿಕೊಂಡ.