ಹೊಸ ಕಲ್ಯಾಣ ಮಂಟಪ: ಲಿಫ್ಟ್ ಚೆನ್ನಾಗಿದೆ, ವೇದಿಕೆಗೆ ದಾರಿಯೇ ಇಲ್ಲ

ನಾನು ಟೈಲರ್. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಹೋದವು. ಓಡಾಟವೆಲ್ಲ ವೀಲ್‌ಚೇರ್‌ನಲ್ಲೇ. ಕಳೆದ ತಿಂಗಳು ಅಕ್ಕನ ದೊಡ್ಡ ಮಗಳ ಮದುವೆ ನಮ್ಮೂರಿನ ಹೊಸ ಕಲ್ಯಾಣ ಮಂಟಪದಲ್ಲಿ ಆಯಿತು. ಮಾಲೀಕರ ಜೊತೆ ಇನ್ನೂ ಮಾತು ನಡೆಯುತ್ತಿದೆ. ಅದಕ್ಕೇ ಮಂಟಪದ ಹೆಸರು ಹಾಕಿಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಎರಡು ದಿನವೂ ನೀರಿಗೆ ತೊಂದರೆ ಆಗಲಿಲ್ಲ. ಕರೆಂಟ್ ಹೋದರೆ ಜನರೇಟರ್ ತಕ್ಷಣ ಆನ್ ಆಗುತ್ತಿತ್ತು. ಅಡುಗೆಮನೆ ದೊಡ್ಡದು, ಭಟ್ಟರಿಗೂ ಖುಷಿಯಾಯಿತು. ಊಟದ ಹಾಲ್ ಮಹಡಿಯಲ್ಲಿದೆ. ಆದರೆ ಲಿಫ್ಟ್ ದೊಡ್ಡದು, ನನ್ನ ಗಾಡಿ ಆರಾಮಾಗಿ ಹಿಡಿಸಿತು, ಬಟನ್‌ಗಳೂ ಕೂತಲ್ಲೇ ಕೈಗೆ ಎಟುಕಿದವು. ಪಂಕ್ತಿಯ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಎಲ್ಲರ ಜೊತೆ ಕೂತು ಊಟ ಮಾಡಿದೆ.

ತೊಂದರೆ ಶುರುವಾಗುವುದು ಬಾಗಿಲಲ್ಲೇ. ಮುಂದಿನ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ರ‍್ಯಾಂಪ್ ಇದೆ. ದೂರದಿಂದ ನೋಡಿ ಸಮಾಧಾನವಾಯಿತು. ಹತ್ತಿರ ಹೋದರೆ ಎದೆ ಝಲ್ಲೆಂದಿತು, ಅಷ್ಟು ಕಡಿದು. ಟೇಪು ಯಾವಾಗಲೂ ನನ್ನ ಕೊರಳಲ್ಲೇ ಇರುತ್ತದೆ. ಅಕ್ಕನ ಮಗನ ಕೈಗೆ ಕೊಟ್ಟು ಅಳೆಸಿದೆ. ಎತ್ತರ 18 ಇಂಚು, ಉದ್ದ ಬರೀ 6 ಅಡಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಒಂದು ಇಂಚು ಎತ್ತರಕ್ಕೆ ಕಡಿಮೆ ಅಂದರೂ 12 ಇಂಚು ಉದ್ದ ಬೇಕು. ಅಂದರೆ ಇಲ್ಲಿ 18 ಅಡಿ ಇರಬೇಕಿತ್ತು. ಹಿಂದಿನಿಂದ ಇಬ್ಬರು ತಳ್ಳಿದರು, ಮುಂದೆ ಒಬ್ಬ ಹಿಡಿದುಕೊಂಡ. ಹಾಗೆ ಒಳಗೆ ಹೋದೆ.

ವೀಲ್‌ಚೇರ್ ಚಿತ್ರ ಅಂಟಿಸಿದ ಟಾಯ್ಲೆಟ್ಟೂ ಒಂದಿದೆ. ಬಾಗಿಲು 24 ಇಂಚು, ನನ್ನ ಗಾಡಿ 25. ಬಾಗಿಲು 900 ಮಿಲಿಮೀಟರ್, ಅಂದರೆ ಸುಮಾರು 35 ಇಂಚು ಇರಬೇಕು. ಒಳಗೆ ಪೊರಕೆ, ಬಕೆಟ್, ಮುರಿದ ಪ್ಲಾಸ್ಟಿಕ್ ಕುರ್ಚಿ ತುಂಬಿದ್ದರು. ಆ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ನೀರು ಕುಡಿಯಲಿಲ್ಲ. ನನ್ನಂಥವರಿಗೆ ಇದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮನಸ್ಸಿಗೆ ತುಂಬಾ ನೋವಾದದ್ದು ವೇದಿಕೆ ಹತ್ತಿರ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಹುಡುಗಿಯ ಮೊದಲ ಲಂಗದಿಂದ ಮದುವೆಯ ಬ್ಲೌಸ್‌ವರೆಗೆ ಹೊಲಿದವನು ನಾನೇ. ವೇದಿಕೆಗೆ ನಾಲ್ಕು ಮೆಟ್ಟಿಲು, ಎರಡಡಿ ಎತ್ತರ. ರ‍್ಯಾಂಪ್ ಇಲ್ಲ. ಮ್ಯಾನೇಜರ್ ಹೇಳಿದರು: "ಅಣ್ಣ, ಯೋಚನೆ ಮಾಡ್ಬೇಡಿ. ನಾಲ್ಕು ಹುಡುಗರನ್ನ ಕಳಿಸ್ತೀನಿ, ಗಾಡಿ ಸಮೇತ ಎತ್ತಿಬಿಡ್ತಾರೆ." ಅವರ ಮನಸ್ಸು ಒಳ್ಳೆಯದೇ. ಆದರೆ ಐನೂರು ಜನರ ಮುಂದೆ ಮೂಟೆ ಹಾಗೆ ಮೇಲೇರುವುದು ನನಗೆ ಬೇಡವಾಗಿತ್ತು. ಮದುಮಗಳು ಕೆಳಗೆ ನಿಂತು, "ಮಾಮ ಹತ್ತೋವರೆಗೂ ನಾನೂ ಹತ್ತಲ್ಲ" ಅಂದಳು. ಮುಹೂರ್ತ ಮೀರುತ್ತಿತ್ತು. ಕೊನೆಗೆ ಎತ್ತಿಸಿಕೊಂಡೆ. ಮಂಡಿನೋವಿನ ಎಷ್ಟೋ ಅಜ್ಜಿಯರು ಕೆಳಗಿನಿಂದಲೇ ಅಕ್ಷತೆ ಹಾಕಿ ಹೋದರು. ರ‍್ಯಾಂಪ್ ಅವರಿಗೂ ಬೇಕಿತ್ತು ಅಲ್ವಾ?

ಇದು ಹಳೇ ಕಟ್ಟಡ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲವೇನೋ. ಕಟ್ಟಿ ಎರಡು ವರ್ಷವೂ ಆಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಸ್ಪಷ್ಟವಾಗಿದೆ. ನಕ್ಷೆ ನಿಯಮದಂತೆ ಇಲ್ಲದಿದ್ದರೆ ಕಟ್ಟಲು ಅನುಮತಿ ಕೊಡಬಾರದು. ಕಟ್ಟಡ ನಿಯಮದಂತೆ ಇಲ್ಲದಿದ್ದರೆ ಮುಗಿದಿದೆ ಅಂತ ಸರ್ಟಿಫಿಕೇಟ್ ಕೊಡಬಾರದು, ಬಳಸಲೂ ಬಿಡಬಾರದು. ಖಾಸಗಿ ಕಟ್ಟಡವಾದರೂ ಜನರು ಬಂದು ಹೋಗುವ ಜಾಗವಾದರೆ ಕಾಯ್ದೆಯ ಲೆಕ್ಕದಲ್ಲಿ ಅದು ಸಾರ್ವಜನಿಕ ಕಟ್ಟಡವೇ. ಅಳತೆಗಳೆಲ್ಲ ಬರೀ ಸಲಹೆ ಅಂತ ಉಳಿದದ್ದೇ ತೊಂದರೆಯಾಗಿತ್ತು. ಕಣ್ಣು ಕಾಣದ ರಾಜೀವ್ ರತೂರಿ ಅವರು 2005ರಲ್ಲಿ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಇದನ್ನೇ ಹೇಳಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಆದೇಶ ಕೊಟ್ಟಿತು. ಕಾಯ್ದೆ ಮುರಿದರೆ 89ನೇ ಸೆಕ್ಷನ್‌ನಲ್ಲಿ ದಂಡವೂ ಇದೆ. ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ. ಮೊದಲ ದಂಡ ಒಂದು ದಿನದ ಹಾಲ್ ಬಾಡಿಗೆಗಿಂತ ಕಡಿಮೆ. ಹಾಗಾಗಿ ಓಸಿ, ಅಂದರೆ ಕಟ್ಟಡ ಬಳಸಬಹುದು ಅನ್ನುವ ಸರ್ಟಿಫಿಕೇಟ್, ಕೊಡುವ ಮೊದಲೇ ತಡೆಯುವುದು ಮುಖ್ಯ ಅನ್ನುತ್ತೇನೆ ನಾನು. ಕಟ್ಟಿದ ಮೇಲೆ ಒಡೆಸುವುದು ಯಾರಿಗೂ ಸುಲಭವಲ್ಲ.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಓಸಿ ಕಡತದ ನಕಲು ತೆಗೆಸಿದೆ. ಅದರಲ್ಲಿ 'ರ‍್ಯಾಂಪ್ ಇದೆ' ಅಂತ ಒಂದು ಟಿಕ್ ಗುರುತು. ಉದ್ದ ಇಲ್ಲ, ಎತ್ತರ ಇಲ್ಲ. ನೋಡಲು ಬಂದವರು ಟೇಪು ತಂದೇ ಇರಲಿಲ್ಲ ಅನ್ನಿಸುತ್ತದೆ. ನನ್ನ ಅಳತೆಗಳನ್ನೂ ಫೋಟೋಗಳನ್ನೂ ಸೇರಿಸಿ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕಳಿಸಿದ್ದೇನೆ. ಕಾಯ್ದೆ ಅವರಿಗೆ ಸಿವಿಲ್ ಕೋರ್ಟಿನ ಹಾಗೆ ಕರೆಸಿ ವಿಚಾರಿಸುವ ಅಧಿಕಾರ ಕೊಟ್ಟಿದೆ.

ಮಾಲೀಕರು ಮೊನ್ನೆ ಅಂಗಡಿಗೇ ಬಂದಿದ್ದರು. ಟಾಯ್ಲೆಟ್ ಖಾಲಿ ಮಾಡಿಸಿದ್ದಾರಂತೆ. ಬಾಗಿಲು ಅಗಲ ಮಾಡಿಸುತ್ತೇನೆ ಅಂದರು. ವೇದಿಕೆಯ ಎಡಗಡೆ ಹೂವಿನ ಅಲಂಕಾರ ನಿಲ್ಲಿಸುವ ಗೋಡೆ ಉದ್ದಕ್ಕೂ 24 ಅಡಿ ಜಾಗ ಇದೆ, ಅಲ್ಲೇ ರ‍್ಯಾಂಪ್ ಬರುತ್ತದೆ ಅಂತ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆದು ತೋರಿಸಿದೆ. ಆ ಹಾಳೆ ಹರಿದುಕೊಂಡು ಹೋದರು.

ಸದ್ಯಕ್ಕೆ ಐದರಲ್ಲಿ ಎರಡು ಸ್ಟಾರ್. ಅಕ್ಕನ ಎರಡನೇ ಮಗಳಿಗೂ ಗಂಡು ನೋಡುತ್ತಿದ್ದಾರೆ. ಅಡ್ವಾನ್ಸ್ ಕೊಡುವ ಮುಂಚೆ ನನ್ನನ್ನು ಕರೆದುಕೊಂಡು ಹೋಗಿ ಅಳತೆ ಮಾಡಿಸುತ್ತೇನೆ ಅಂತ ಭಾವ ಮಾತು ಕೊಟ್ಟಿದ್ದಾರೆ.